ಓದುಗರ ಪ್ರಶ್ನೆ: ಐವತ್ತು ಕೋಟಿ ವರ್ಷದ ಕೆಸರಿನಲ್ಲಿ ಮೆತ್ತನೆ ಜೀವಗಳು ಉಳಿದದ್ದು ಹೇಗೆ?

ಹೋದ ಸಂಚಿಕೆಯಲ್ಲಿ ಒಂದು ಚಿತ್ರ ಹಾಕಿದ್ದೆವು. ಕಪ್ಪು ಬಣ್ಣದ ಚಪ್ಪಟೆ ಕಲ್ಲು, ಅದರ ಮೇಲೆ ಹೆಬ್ಬೆರಳ ಉಗುರಿನಷ್ಟೇ ದೊಡ್ಡದಾದ ಒಂದು ಪ್ರಾಣಿಯ ಗುರುತು. ಹಿಂದಕ್ಕೆ ಬಾಗಿದ ಕೊಂಬುಗಳು, ಎಳೆ ಎಳೆಯಾಗಿ ಕಾಣುವ ಕಾಲುಗಳು. ಅದರ ಹೆಸರು ಮರೆಲ್ಲಾ. ಸಿಕ್ಕಿದ್ದು ಕೆನಡಾದ ಬ್ರಿಟಿಷ್ ಕೊಲಂಬಿಯಾದಲ್ಲಿರುವ ಬರ್ಜೆಸ್ ಜೇಡಿಶಿಲೆಯಲ್ಲಿ. ವಯಸ್ಸು ಸುಮಾರು 50.8 ಕೋಟಿ ವರ್ಷ. ಚಿತ್ರದ ಕೆಳಗೆ ಬರೆದದ್ದು ನಾಲ್ಕೇ ಸಾಲು, ಆದರೆ ಪ್ರಶ್ನೆಗಳು ಬಂದಿದ್ದು ರಾಶಿ. ಹಾಗಾಗಿ ಈ ಸಲದ ಅಂಕಣ ಪೂರ್ತಿ ಆ ಕಲ್ಲಿಗೇ ಮೀಸಲು.

ಮೇಡಂ, ನಮ್ಮ ಪುಸ್ತಕದಲ್ಲಿ ಶೇಲ್ ಅಂತ ಒಂದೇ ಸಾಲು ಇದೆ. ಜೇಡಿಶಿಲೆ ಅಂದ್ರೂ ಅದೇನಾ? ಅದು ಹಾಳೆ ಹಾಳೆಯಾಗಿ ಏಕೆ ಬಿಡುತ್ತದೆ? ಸ್ಲೇಟಿಗೂ ಅದಕ್ಕೂ ಏನು ವ್ಯತ್ಯಾಸ?
— ಪಿಯುಸಿ ವಿದ್ಯಾರ್ಥಿನಿ, ತುಮಕೂರು

ಹೌದಮ್ಮಾ, ಎರಡೂ ಒಂದೇ. ಬೇಸಿಗೆಯಲ್ಲಿ ಬತ್ತಿದ ಕೆರೆಗೆ ಇಳಿದಿದ್ದೀಯಾ? ತಳದಲ್ಲಿ ನುಣ್ಣಗಿನ ಹೂಳು ಇರುತ್ತದಲ್ಲ, ಒಣಗಿದಾಗ ಹಪ್ಪಳದ ಹಾಗೆ ಏಳುತ್ತದೆ, ಅದೇ ಜೇಡಿಶಿಲೆಯ ಕಚ್ಚಾ ಮಾಲು. ಹರಿಯುವ ನೀರು ಮೊದಲು ದಪ್ಪ ಮರಳನ್ನು ಬಿಡುತ್ತದೆ. ನಿಂತ ನೀರಿನಲ್ಲಿ, ಇಲ್ಲವೇ ಅಲೆಯ ಹೊಡೆತ ತಲುಪದ ಆಳದಲ್ಲಿ, ಕಟ್ಟಕಡೆಗೆ ಕೂರುವುದು ಜೇಡಿ. ಒಂದು ಮಿಲಿಮೀಟರನ್ನು 256 ಪಾಲು ಮಾಡಿದರೆ ಅದರ ಒಂದು ಪಾಲಿಗಿಂತ ಚಿಕ್ಕ ಕಣಗಳು ಅವು. ಉಂಡೆಯಾಗಿ ಇರುವುದಿಲ್ಲ, ಚಪ್ಪಟೆ ಚಕ್ಕೆಗಳು. ಮೇಲೆ ಇನ್ನಷ್ಟು ಹೂಳು ಬಿದ್ದು ಭಾರ ಹೆಚ್ಚಿದ ಹಾಗೆ ನೀರು ಹಿಂಡಿ ಹೋಗುತ್ತದೆ, ಚಕ್ಕೆಗಳೆಲ್ಲ ಇಸ್ಪೀಟು ಎಲೆಗಳ ಕಟ್ಟಿನ ಹಾಗೆ ಒಂದರ ಮೇಲೊಂದು ಮಲಗುತ್ತವೆ. ಅದಕ್ಕೇ ಆ ಕಲ್ಲು ಮಲಗಿದ ದಿಕ್ಕಿಗೇ ಹಾಳೆಯಾಗಿ ಬಿಡುವುದು.

ಸ್ಲೇಟು ಇದರ ಮುಂದಿನ ಹಂತ. ಜೇಡಿಶಿಲೆ ನೆಲದಾಳಕ್ಕೆ ಹೋಗಿ, ಬೆಟ್ಟ ಏಳುವಾಗಿನ ಒತ್ತಡಕ್ಕೂ ಕಾವಿಗೂ ಸಿಕ್ಕರೆ ಒಳಗಿನ ಖನಿಜಗಳು ಬದಲಾಗಿ ಹೊಸದಾಗಿ ಸಾಲುಗಟ್ಟುತ್ತವೆ. ಆಮೇಲೆ ಅದು ಹಳೆಯ ಹೂಳಿನ ಪದರದಂತೆ ಬಿಡುವುದಿಲ್ಲ, ಒತ್ತಡ ಹೇಳಿದ ದಿಕ್ಕಿಗೆ ಬಿಡುತ್ತದೆ. ಈ ಮಾತು ನೆನಪಿನಲ್ಲಿರಲಿ, ಮುಂದೆ ಬೇಕಾಗುತ್ತದೆ.

ಇನ್ನೊಂದು, ಇದು ಪುಸ್ತಕದಲ್ಲಿ ಇರುವುದಿಲ್ಲ. ಕ್ಷೇತ್ರಕಾರ್ಯಕ್ಕೆ ಹೋದಾಗ ನಮ್ಮ ಮೇಷ್ಟ್ರು ಕಲ್ಲಿನ ಒಂದು ಚೂರನ್ನು ಮುಂದಿನ ಹಲ್ಲಲ್ಲಿ ಕಡಿದು ನೋಡಿ ಅನ್ನುತ್ತಿದ್ದರು. ಗರಗರ ಅಂದರೆ ಅದರಲ್ಲಿ ನುಣ್ಣನೆ ಮರಳು ಬೆರೆತಿದೆ ಎಂದು ಅರ್ಥ. ಬೆಣ್ಣೆಯ ಹಾಗೆ ಸವರಿಕೊಂಡು ಹೋದರೆ ಬರೀ ಜೇಡಿ. ಈಗಲೂ ಭೂವಿಜ್ಞಾನಿಗಳು ಹೀಗೆ ಮಾಡುತ್ತಾರೆ. ತೊಳೆದ ಕಲ್ಲಾದರೆ ನೀನೂ ಮಾಡಿ ನೋಡು.

ಮೂಳೆ, ಚಿಪ್ಪು ಕಲ್ಲಾಗುವುದು ಅರ್ಥವಾಗುತ್ತದೆ. ಆದರೆ ಕಾಲು, ಕರುಳು, ಕಿವಿರು ಎಲ್ಲ ಉಳಿದಿವೆ ಅಂತ ಬರೆದಿದ್ದೀರಿ. ಇದು ಹೇಗೆ ಸಾಧ್ಯ?
— ಓದುಗರು, ಬೆಂಗಳೂರು

ಈ ಪ್ರಶ್ನೆಗೇ ನಾನು ಕಾಯುತ್ತಿದ್ದೆ. ಎಲ್ಲರೂ ಆ ವಿಚಿತ್ರ ಪ್ರಾಣಿಗಳ ಬಗ್ಗೆ ಕೇಳುತ್ತಾರೆ, ಕೆಸರಿನ ಬಗ್ಗೆ ಕೇಳುವವರು ಕಡಿಮೆ. ನನ್ನ ಪ್ರಕಾರ ಬರ್ಜೆಸ್ ಕಥೆಯಲ್ಲಿ ಮೊದಲ ಮರ್ಯಾದೆ ಸಲ್ಲಬೇಕಾದ್ದು ಆ ಕೆಸರಿಗೆ.

ಪೇಟೆಯಿಂದ ತಂದ ಸಿಗಡಿಯನ್ನು ಅಡುಗೆಮನೆ ಕಟ್ಟೆಯ ಮೇಲೆ ಮರೆತು ಬಿಟ್ಟರೆ ಒಂದೇ ದಿನಕ್ಕೆ ಏನಾಗುತ್ತದೆ ಅಂತ ಗೊತ್ತಲ್ಲ. ಸಮುದ್ರದಲ್ಲೂ ಅಷ್ಟೇ. ಸತ್ತ ಜೀವಿಯನ್ನು ಏಡಿ, ಹುಳು ತಿನ್ನುತ್ತವೆ. ಅವು ಬಿಟ್ಟಿದ್ದನ್ನು ಬ್ಯಾಕ್ಟೀರಿಯಾ ಮುಗಿಸುತ್ತವೆ. ಚಿಪ್ಪು ಇದ್ದರೆ ಚಿಪ್ಪು ಉಳಿದೀತು, ಮೆತ್ತನೆಯ ಮೈ ಉಳಿಯುವ ಮಾತೇ ಇಲ್ಲ. ಹಾಗಾಗಿ ಪ್ರಪಂಚದ ಬಹುಪಾಲು ಕಡೆ ಆ ಕಾಲದ ಪಳೆಯುಳಿಕೆ ಅಂದರೆ ಬರೀ ಗಟ್ಟಿ ಚಿಪ್ಪಿನ ಪ್ರಾಣಿಗಳದ್ದು. ಬರ್ಜೆಸ್‌ನಲ್ಲಿ ಮಾತ್ರ ಊರಿಗೆ ಊರೇ ಉಳಿದ ಹಾಗೆ ಎಲ್ಲವೂ ಉಳಿದಿವೆ.

ಆಗಿದ್ದು ಹೀಗೆ. ಆಗ ಆ ಜಾಗ ಸಮಭಾಜಕ ವೃತ್ತದ ಹತ್ತಿರ, ಬೆಚ್ಚನೆಯ ಸಮುದ್ರದಲ್ಲಿತ್ತು. ನೀರಿನೊಳಗೆ ಸುಣ್ಣದ ಕಲ್ಲಿನ ಒಂದು ದೊಡ್ಡ ಜಗುಲಿ, ಅದರ ಅಂಚಿನಲ್ಲಿ ನೂರಾರು ಅಡಿ ಕೆಳಕ್ಕೆ ಇಳಿಯುವ ಕಡಿದಾದ ಗೋಡೆ. ಇದಕ್ಕೆ ಕೆಥೀಡ್ರಲ್ ಎಸ್ಕಾರ್ಪ್‌ಮೆಂಟ್ ಅನ್ನುತ್ತಾರೆ. ಗೋಡೆಯ ಬುಡದಲ್ಲಿ ನುಣ್ಣನೆ ಕೆಸರು ಸೇರುತ್ತಿತ್ತು, ಅದರ ಮೇಲೂ ಸುತ್ತಲೂ ಪ್ರಾಣಿಗಳು ಬದುಕುತ್ತಿದ್ದವು. ಆಗಾಗ ಕೆಸರಿನ ಇಳಿಜಾರು ಕುಸಿಯುತ್ತಿತ್ತು. ಮಳೆಗಾಲದಲ್ಲಿ ಘಟ್ಟದ ರಸ್ತೆಯ ಮೇಲೆ ಗುಡ್ಡ ಜರಿದು ಬರುತ್ತದಲ್ಲ, ಅದನ್ನು ನೀರಿನೊಳಗೆ ಕಲ್ಪಿಸಿಕೊಳ್ಳಿ. ಆ ರಾಡಿ ದಾರಿಯಲ್ಲಿ ಸಿಕ್ಕ ಎಲ್ಲವನ್ನೂ ಉರುಳಿಸಿಕೊಂಡು ಹೋಗಿ ಇನ್ನೂ ಆಳದಲ್ಲಿ, ಆಮ್ಲಜನಕ ತೀರಾ ಕಡಿಮೆ ಇರುವ ಕಡೆ ಕೂತುಬಿಟ್ಟಿತು.

ಇದಕ್ಕೆ ಸಾಕ್ಷಿ ಕಲ್ಲಿನಲ್ಲೇ ಇದೆ. ತಾವಾಗಿಯೇ ಸತ್ತು ತಳಕ್ಕೆ ಬಿದ್ದಿದ್ದರೆ ಹೆಚ್ಚಿನ ಪ್ರಾಣಿಗಳು ಒಂದೇ ಭಂಗಿಯಲ್ಲಿ ಚಪ್ಪಟೆಯಾಗಿ ಮಲಗಿರಬೇಕಿತ್ತು. ಇಲ್ಲಿ ಕೆಲವು ಬೋರಲು, ಕೆಲವು ಮಗ್ಗುಲಾಗಿ, ಕೆಲವು ತಲೆಕೆಳಗಾಗಿ ಇವೆ. ಜೊತೆಗೆ, ಆ ಪದರಗಳಲ್ಲಿ ಹುಳ ಕೊರೆದ ಬಿಲಗಳು ಕಾಣುವುದಿಲ್ಲ. ಕೆಸರು ಕೂತ ಮೇಲೆ ಅಲ್ಲಿ ಕೆದಕಿ ತಿನ್ನುವವರು ಯಾರೂ ಇರಲಿಲ್ಲ ಅಂತಾಯಿತು.

ಆದರೆ ಆಮ್ಲಜನಕ ಇಲ್ಲದಿದ್ದರೂ ಕೊಳೆಸುವ ಬ್ಯಾಕ್ಟೀರಿಯಾ ಇವೆ. ಅವು ನೀರಿನಲ್ಲಿ ಕರಗಿದ ಸಲ್ಫೇಟನ್ನು ಬಳಸಿ ಬದುಕುತ್ತವೆ. ಅವನ್ನು ತಡೆದದ್ದು ಏನು? ಕೆಸರಿನ ಪ್ರತಿ ಹಾಸಿನ ಮೇಲ್ಭಾಗದಲ್ಲಿ ಬಲುಬೇಗ ಸುಣ್ಣದ ಅಂಶ ಗಟ್ಟಿಯಾಗಿ ಮುಚ್ಚಳದ ಹಾಗೆ ಕೂತದ್ದನ್ನು 2012ರಲ್ಲಿ ಪ್ರಕಟವಾದ ಅಧ್ಯಯನವೊಂದು ತೋರಿಸಿತು. ಉಪ್ಪಿನಕಾಯಿ ಜಾಡಿಯ ಬಾಯಿಗೆ ಬಟ್ಟೆ ಕಟ್ಟಿ ಬಿಗಿ ಮಾಡಿದ ಹಾಗೆ. ಮೇಲಿನ ನೀರಿನಿಂದ ಸಲ್ಫೇಟು ಒಳಗೆ ಇಳಿಯಲಿಲ್ಲ, ಬ್ಯಾಕ್ಟೀರಿಯಾಗಳ ಕೆಲಸ ಅರ್ಧಕ್ಕೇ ನಿಂತಿತು. ನುಣ್ಣನೆ ಜೇಡಿ ಬೇರೆ ಸುತ್ತ ಅಂಟಿಕೊಂಡಿತ್ತು. ಮೈ ಅಪ್ಪಚ್ಚಿಯಾಗಿ ಕಾರ್ಬನ್ನಿನ ತೆಳ್ಳನೆ ಪೊರೆಯಾಗಿ ಉಳಿಯಿತು. ಮುಂದೆ ಕಲ್ಲು ನೆಲದಾಳದಲ್ಲಿ 300 ಡಿಗ್ರಿ ಸೆಲ್ಸಿಯಸ್‌ಗೂ ಹೆಚ್ಚು ಕಾದಾಗ ಆ ಪೊರೆಯ ಮೇಲೆ ಅಭ್ರಕದ ಜಾತಿಯ ಖನಿಜಗಳು ಬೆಳೆದವು.

ಟೊರಾಂಟೊದ ರಾಯಲ್ ಒಂಟಾರಿಯೊ ಮ್ಯೂಸಿಯಂನಲ್ಲಿ ನಾನು ಇದನ್ನು ಕಣ್ಣಾರೆ ನೋಡಿದ್ದೇನೆ. ಗಾಜಿನ ಎದುರು ನೆಟ್ಟಗೆ ನಿಂತರೆ ಕಪ್ಪು ಕಲ್ಲಿನ ಮೇಲೆ ಇನ್ನೊಂದಿಷ್ಟು ಕಪ್ಪು ಕಲೆ, ಅಷ್ಟೇ. ತಲೆಯನ್ನು ಸ್ವಲ್ಪ ಪಕ್ಕಕ್ಕೆ ವಾಲಿಸಿದೆ. ಬೆಳಕು ತಾಗುವ ಕೋನ ಬದಲಾಯಿತು, ಅದೇ ಕಲೆ ಬೆಳ್ಳಿಯ ಹಾಗೆ ಹೊಳೆಯಿತು, ಒಂದೊಂದು ಕಾಲೂ ಬಿಡಿಬಿಡಿಯಾಗಿ ಕಾಣಿಸಿತು. ನಾನು ಐದಾರು ಸಲ ತಲೆ ಆ ಕಡೆ ಈ ಕಡೆ ಮಾಡುತ್ತಾ ನಿಂತೆ. ಮರೆಲ್ಲಾದ ಬಾಲದ ತುದಿಯಲ್ಲಿ ಒಂದು ಕಪ್ಪು ಮಚ್ಚೆ ಇರುತ್ತದೆ, ನಾವು ಹಾಕಿದ್ದ ಚಿತ್ರದಲ್ಲೂ ಇತ್ತು, ಮತ್ತೆ ತೆಗೆದು ನೋಡಿ. ಅದು ಆ ಪ್ರಾಣಿ ಕೊಳೆಯಲು ಶುರುವಾದಾಗ ಮೈಯಿಂದ ಕೆಸರಿಗೆ ಸೋರಿದ ರಸ. ಸೋರಲು ಶುರುವಾದ ಹೊತ್ತಿಗೆ ಕೆಸರು ಅದನ್ನು ಹಿಡಿದು ನಿಲ್ಲಿಸಿದೆ.

ಸಮುದ್ರದ ತಳದ ಕೆಸರು ಬೆಟ್ಟದ ತುದಿಗೆ ಹೋಗಿದ್ದು ಹೇಗೆ ಅಂತ ನಮ್ಮ ಎಂಟನೇ ಕ್ಲಾಸಿನ ಮಕ್ಕಳು ಕೇಳುತ್ತಿದ್ದಾರೆ. ಸುಲಭವಾಗಿ ಹೇಗೆ ಹೇಳಲಿ?
— ಶಾಲಾ ಶಿಕ್ಷಕರು, ಶಿವಮೊಗ್ಗ ಜಿಲ್ಲೆ

ಸರ್, ತರಗತಿಗೆ ಒಂದು ಚಾಪೆ ತನ್ನಿ. ನೆಲಕ್ಕೆ ಹಾಸಿ, ಒಂದು ಅಂಚನ್ನು ಗೋಡೆಗೆ ತಾಗಿಸಿ, ಇನ್ನೊಂದು ಅಂಚಿನಿಂದ ಮಕ್ಕಳೇ ತಳ್ಳಲಿ. ಚಾಪೆ ಮಡಿಕೆ ಮಡಿಕೆಯಾಗಿ ಏಳುತ್ತದೆ. ಉತ್ತರ ಅಮೆರಿಕದ ಪಶ್ಚಿಮ ಅಂಚಿಗೆ ಆದದ್ದು ಇದೇ. ಪೆಸಿಫಿಕ್ ಕಡೆಯಿಂದ ಬಂದ ತುಣುಕುಗಳು ಡಿಕ್ಕಿ ಹೊಡೆದು ಒತ್ತಿದಾಗ, ಹಳೆಯ ಸಮುದ್ರತಳದ ಪದರಗಳು ಮುರಿದು, ಒಂದರ ಮೇಲೊಂದು ಜಾರಿ, ಪೂರ್ವಕ್ಕೆ ಸರಿದು ರಾಕಿ ಪರ್ವತಗಳಾದವು. ಈ ಕೆಲಸ ನಡೆದದ್ದು ಸುಮಾರು 17 ಕೋಟಿ ವರ್ಷಗಳ ಹಿಂದಿನಿಂದ 6 ಕೋಟಿ ವರ್ಷಗಳ ಹಿಂದಿನವರೆಗೆ. ಈಗ ಪಳೆಯುಳಿಕೆ ಸಿಗುವ ಗಣಿ ಸಮುದ್ರಮಟ್ಟದಿಂದ ಸುಮಾರು 2,300 ಮೀಟರ್ ಎತ್ತರದಲ್ಲಿದೆ. ನಮ್ಮ ಮುಳ್ಳಯ್ಯನಗಿರಿ 1,900 ಮೀಟರ್‌ ಚಿಲ್ಲರೆ, ಅದಕ್ಕಿಂತ ಮೇಲೆ.

ಇಲ್ಲಿ ಸ್ಲೇಟಿನ ಮಾತು ಮತ್ತೆ ಬರುತ್ತದೆ. ಅಷ್ಟು ಒತ್ತಡಕ್ಕೆ ಸಿಕ್ಕ ಜೇಡಿಶಿಲೆ ನ್ಯಾಯವಾಗಿ ಪೂರ್ತಿ ಸ್ಲೇಟಾಗಿ, ಪಳೆಯುಳಿಕೆಯ ಅಡ್ಡಕ್ಕೇ ಸೀಳಿ ಹೋಗಬೇಕಿತ್ತು. ಆ ಸುತ್ತಿನ ಎಷ್ಟೋ ಕಲ್ಲು ಹಾಗೆಯೇ ಆಗಿದೆ. ಆದರೆ ಈ ಕೆಸರು ಕೂತದ್ದು ಸುಣ್ಣದ ಕಲ್ಲಿನ ಗೋಡೆಗೆ ಒರಗಿಕೊಂಡು, ಅಲ್ವಾ? ಆ ಗಟ್ಟಿ ಗೋಡೆ ಒತ್ತಡವನ್ನು ತಾನು ತಡೆದುಕೊಂಡು, ಬಗಲಲ್ಲಿದ್ದ ಮೆತ್ತನೆ ಪದರಗಳನ್ನು ಕಾಪಾಡಿತು. ಬದುಕಿದ್ದಾಗ ಯಾವ ಗೋಡೆಯ ಬುಡದಲ್ಲಿ ಆ ಜೀವಿಗಳು ಮುಚ್ಚಿಹೋದವೋ ಅದೇ ಗೋಡೆ ಕೋಟ್ಯಂತರ ವರ್ಷಗಳ ನಂತರ ಅವುಗಳ ಗುರುತನ್ನು ಉಳಿಸಿಕೊಟ್ಟಿತು. ಇದನ್ನು ಮೊದಲ ಸಲ ಓದಿದ ದಿನ ನನಗೆ ರಾತ್ರಿ ನಿದ್ದೆ ಬರಲಿಲ್ಲ, ಅಷ್ಟು ಸಂತೋಷವಾಗಿತ್ತು.

ಕುದುರೆ ಎಡವಿದ್ದರಿಂದ ಈ ಕಲ್ಲು ಸಿಕ್ಕಿತು ಅಂತ ಎಲ್ಲೋ ಓದಿದ್ದೆ. ನಿಜವೇ?
— ಓದುಗರು, ಧಾರವಾಡ

ಕಥೆ ಚೆನ್ನಾಗಿದೆ, ಆದರೆ ಆಧಾರ ಇಲ್ಲ. ಕಂಡುಹಿಡಿದವರು ಚಾರ್ಲ್ಸ್ ಡೂಲಿಟಲ್ ವಾಲ್ಕಾಟ್, ಆಗ ಅಮೆರಿಕದ ಸ್ಮಿತ್‌ಸೋನಿಯನ್ ಸಂಸ್ಥೆಯ ಮುಖ್ಯಸ್ಥರು. 1909ರ ಆಗಸ್ಟ್ ಕೊನೆಯಲ್ಲಿ ಹೆಂಡತಿ ಹೆಲೆನಾ, ಮಗ ಸ್ಟುವರ್ಟ್ ಜೊತೆ ಆ ಬೆಟ್ಟದ ಏಣಿನಲ್ಲಿ ಕಲ್ಲು ಆರಿಸುತ್ತಿದ್ದರು. ಅವರ ಆ ದಿನಗಳ ದಿನಚರಿ ಇವತ್ತಿಗೂ ಇದೆ. ಅದರಲ್ಲಿ ಪ್ರಾಣಿಗಳ ಪುಟ್ಟ ರೇಖಾಚಿತ್ರಗಳಿವೆ, ಎಡವಿದ ಕುದುರೆ ಇಲ್ಲ. ಮುಂದಿನ ವರ್ಷ ಮನೆಯವರನ್ನೆಲ್ಲ ಕರೆದುಕೊಂಡು ಹೋಗಿ ಕಲ್ಲು ಉರುಳಿ ಬಂದ ಮೂಲ ಪದರ ಹುಡುಕಿದರು. 1924ರವರೆಗೆ ಅವರು ಕೂಡಿಸಿದ್ದು 65,000ಕ್ಕೂ ಹೆಚ್ಚು ಮಾದರಿಗಳು. ಬಹುಪಾಲು ಸಿಕ್ಕಿದ್ದು ಎರಡು ಮೀಟರಿಗಿಂತ ಸ್ವಲ್ಪ ಹೆಚ್ಚು ದಪ್ಪದ ಪದರದಲ್ಲಿ.

ಆದರೆ ಅವರು ಹೋಗುವ ಮೊದಲೇ ಆ ಸೀಮೆಯ ಹೆಸರು ಗೊತ್ತಿತ್ತು, ಇದನ್ನು ಹೇಳದಿದ್ದರೆ ತಪ್ಪಾಗುತ್ತದೆ. ಕೆನಡಿಯನ್ ಪೆಸಿಫಿಕ್ ರೈಲುದಾರಿ ಆ ಕಣಿವೆಯಲ್ಲಿ ಹಾದುಹೋಯಿತು. ಅಲ್ಲಿನ ರೈಲ್ವೆ ಕೆಲಸಗಾರರು ಎದುರಿನ ಮೌಂಟ್ ಸ್ಟೀಫನ್ ಇಳಿಜಾರಿನಲ್ಲಿ ಕಲ್ಲಿನ ಹುಳ ಬಿದ್ದಿವೆ ಎಂದು ಹೇಳುತ್ತಿದ್ದರು. ಅವು ಟ್ರೈಲೋಬೈಟುಗಳು, ಅಂದರೆ ಈಗ ಅಳಿದುಹೋಗಿರುವ, ಗಟ್ಟಿ ಚಿಪ್ಪಿನ ಸಮುದ್ರಜೀವಿಗಳು. 1886ರಲ್ಲಿ ಕೆನಡಾ ಭೂವೈಜ್ಞಾನಿಕ ಸರ್ವೇಕ್ಷಣೆಯ ರಿಚರ್ಡ್ ಮೆಕಾನೆಲ್ ಅಲ್ಲಿಗೆ ಹೋಗಿ ಕಲೆಹಾಕಿದರು. ಹೊಟ್ಟೆಪಾಡಿಗೆ ಕಲ್ಲು ಒಡೆಯುತ್ತಿದ್ದವರ ಕಣ್ಣಿಗೆ ಮೊದಲು ಬಿದ್ದದ್ದು, ಅವರಲ್ಲಿ ಒಬ್ಬರ ಹೆಸರೂ ನಮ್ಮ ಬಾಯಲ್ಲಿಲ್ಲ. ನನಗೆ ಇದು ಬೇಸರದ ಸಂಗತಿ.

ಐದು ಕಣ್ಣಿನ ಪ್ರಾಣಿ ನಿಜವಾಗಿಯೂ ಇತ್ತಾ ಆಂಟಿ? ಯಾರೋ ತಪ್ಪಾಗಿ ಜೋಡಿಸಿದ್ದಾರೆ ಅಂತ ನನ್ನ ಅಣ್ಣ ಹೇಳ್ತಾನೆ.
— ಆರನೇ ತರಗತಿ ಹುಡುಗ, ಮೈಸೂರು

ನಿಜವಾಗಿಯೂ ಇತ್ತು ಪುಟ್ಟಾ. ಅದರ ಹೆಸರು ಒಪಬಿನಿಯಾ. ತಲೆಯ ಮೇಲೆ ಐದು ಕಣ್ಣು, ಮುಂದೆ ಬಾಗುವ ಸೊಂಡಿಲು, ಸೊಂಡಿಲ ತುದಿಯಲ್ಲಿ ಚಿಮಟದ ಹಾಗೆ ಹಿಡಿಯುವ ಮುಳ್ಳು. ಹ್ಯಾರಿ ವಿಟಿಂಗ್ಟನ್ ಎಂಬ ವಿಜ್ಞಾನಿ 1972ರಲ್ಲಿ ಆಕ್ಸ್‌ಫರ್ಡ್‌ನ ಒಂದು ಸಭೆಯಲ್ಲಿ ಇದರ ಚಿತ್ರ ತೋರಿಸಿದಾಗ ಸೇರಿದ್ದ ವಿಜ್ಞಾನಿಗಳೇ ಗೊಳ್ಳನೆ ನಕ್ಕರಂತೆ. ಆದರೆ ಅವರು ಅದನ್ನು ತಯಾರಿಸಿದ ರೀತಿ ಕೇಳು. ಹಲ್ಲಿನ ಡಾಕ್ಟರು ಬಳಸುವಂಥ ಸಣ್ಣ ಉಪಕರಣ ಹಿಡಿದು, ಸೂಕ್ಷ್ಮದರ್ಶಕದ ಕೆಳಗೆ ಕಲ್ಲಿನ ಪುಡಿಯನ್ನು ಕಣ ಕಣವಾಗಿ ಕೆರೆದು ತೆಗೆದು, ಮೇಲಿನ ಅಂಗದ ಕೆಳಗೆ ಏನಿದೆ, ಅದರ ಕೆಳಗೆ ಏನಿದೆ ಅಂತ ಒಂದೊಂದೇ ಬಿಡಿಸಿದರು. ಕಲ್ಲು ಸೀಳಿದಾಗ ಪ್ರಾಣಿ ಎರಡು ಹೋಳಿಗೂ ಹಂಚಿಹೋಗಿರುತ್ತದೆ, ಎರಡನ್ನೂ ಎದುರುಬದುರು ಇಟ್ಟು ನೋಡಬೇಕು. ಕೆಸರು ಪ್ರಾಣಿಗಳನ್ನು ಹೇಗೆಂದರೆ ಹಾಗೆ ಉರುಳಿಸಿತ್ತು ಅಂದೆನಲ್ಲ, ಅದು ಈಗ ಉಪಕಾರಕ್ಕೆ ಬಂತು. ಒಂದು ಕಲ್ಲಿನಲ್ಲಿ ಮೇಲಿನ ನೋಟ, ಇನ್ನೊಂದರಲ್ಲಿ ಪಕ್ಕದ ನೋಟ.

ನಿನ್ನ ಅಣ್ಣ ಹೇಳುವುದರಲ್ಲೂ ಸತ್ಯ ಇದೆ, ಬೇರೆ ಪ್ರಾಣಿಗಳ ವಿಷಯದಲ್ಲಿ. ಹಲುಸಿಜೆನಿಯಾ ಅಂತ ಒಂದು ಪುಟ್ಟ ಹುಳು. 1977ರಲ್ಲಿ ಸೈಮನ್ ಕಾನ್ವೇ ಮಾರಿಸ್ ಅದರ ಬೆನ್ನಿನ ಮುಳ್ಳುಗಳನ್ನೇ ಕಾಲು ಅಂದುಕೊಂಡರು, ಹಾಗಾಗಿ ಅದು ಊರುಗೋಲುಗಳ ಮೇಲೆ ನಿಂತ ಹಾಗಿತ್ತು. 1991ರಲ್ಲಿ ಬೇರೆಯವರು ಚೀನಾದ ಹೊಸ ಪಳೆಯುಳಿಕೆಗಳ ಸಹಾಯದಿಂದ ಅದನ್ನು ತಿರುಗಿಸಿ ನಿಲ್ಲಿಸಿದರು. ಆಮೇಲೂ ತಲೆ ಯಾವ ಕಡೆ ಅನ್ನುವ ಗೊಂದಲ ಉಳಿದಿತ್ತು. ಒಂದು ತುದಿಯಲ್ಲಿ ಬಲೂನಿನಂಥ ಕಲೆ ಇತ್ತು, ಅದನ್ನು ತಲೆ ಅಂದುಕೊಂಡಿದ್ದರು. 2015ರಲ್ಲಿ ಇನ್ನೊಂದು ತುದಿಯಲ್ಲಿ ಎರಡು ಪುಟ್ಟ ಕಣ್ಣು, ಬಾಯಿ, ಹಲ್ಲು ಸಿಕ್ಕವು. ಬಲೂನಿನಂಥದ್ದು ಪ್ರಾಣಿ ಮುಚ್ಚಿಹೋದಾಗ ಹಿಂದಿನಿಂದ ಹಿಂಡಿ ಹೊರಬಂದ ರಸ. ಮರೆಲ್ಲಾದ ಮಚ್ಚೆಯ ಹಾಗೆ.

ಅನಾಮಲೋಕಾರಿಸ್‌ನದು ಇನ್ನೂ ದೊಡ್ಡ ಕಥೆ. ಅದರ ಬಾಯಿಯ ಮುಂದಿನ ಕೈಯನ್ನು 1892ರಲ್ಲಿ ತಲೆಯಿಲ್ಲದ ಸಿಗಡಿ ಅಂದರು. ಉಂಗುರದಂಥ ಬಾಯಿಯನ್ನು ಜೆಲ್ಲಿ ಮೀನು ಅಂದರು. ಮೈಯನ್ನು ಬೇರೆಯೇ ಪ್ರಾಣಿ ಅಂದರು. ಮೂರೂ ಒಂದೇ ಬಗೆಯ ಬೇಟೆಗಾರ ಪ್ರಾಣಿಯ ಭಾಗಗಳು ಎಂದು ಖಚಿತವಾದದ್ದು 1985ರಲ್ಲಿ. ತಪ್ಪು ಮಾಡಿದವರ ಬಗ್ಗೆ ನನಗೆ ಗೌರವವೇ ಇದೆ. ಕಲ್ಲನ್ನು ಬಿಸಾಡದೆ ಜೋಪಾನವಾಗಿ ಇಟ್ಟಿದ್ದರು, ಹಾಗಾಗಿ ಮುಂದಿನವರು ಮತ್ತೆ ತೆಗೆದು ನೋಡುವ ಹಾಗಾಯಿತು. ನಿನ್ನ ಅಣ್ಣನಿಗೂ ಇದನ್ನು ಓದಿ ಹೇಳು.

50.8 ಕೋಟಿ ಅಂತ ದಶಮಾಂಶ ಹಾಕಿ ಹೇಳುತ್ತೀರಿ. ಅಷ್ಟು ಖಚಿತವಾಗಿ ಹೇಗೆ ಗೊತ್ತಾಗುತ್ತದೆ? ಸುಮ್ನೆ ಅಂದಾಜಲ್ವಾ?
— ಓದುಗರು, ಹಾಸನ

ಅಂದಾಜಲ್ಲ ಸರ್, ಲೆಕ್ಕ. ಆದರೆ ನಿಮ್ಮ ಅನುಮಾನದಲ್ಲಿ ಅರ್ಥವಿದೆ, ಏಕೆಂದರೆ ಜೇಡಿಶಿಲೆಯ ವಯಸ್ಸನ್ನು ನೇರವಾಗಿ ಅಳೆಯುವುದು ಕಷ್ಟ. ಹಳೇ ತೊಟ್ಟಿಮನೆ ಕೆಡವಿ, ಅದರ ಇಟ್ಟಿಗೆಯಿಂದ ಹೋದ ವರ್ಷ ಹೊಸ ಮನೆ ಕಟ್ಟಿದ್ದೀರಿ ಅಂದುಕೊಳ್ಳಿ. ಇಟ್ಟಿಗೆ ಪರೀಕ್ಷೆ ಮಾಡಿದರೆ ತೊಟ್ಟಿಮನೆಯ ವಯಸ್ಸು ಬರುತ್ತದೆ, ಹೊಸ ಮನೆಯದ್ದಲ್ಲ. ಜೇಡಿಶಿಲೆಯ ಕಣಗಳೂ ಯಾವುದೋ ಹಳೆಯ ಬೆಟ್ಟ ಸವೆದು ಬಂದವು.

ಅದಕ್ಕೇ ಸುತ್ತುಬಳಸಿನ ದಾರಿ ಹಿಡಿಯುತ್ತಾರೆ. ಆ ಕಲ್ಲಿನಲ್ಲಿರುವ ಟ್ರೈಲೋಬೈಟುಗಳ ಜಾತಿ ನೋಡುತ್ತಾರೆ. ಒಂದೊಂದು ಜಾತಿ ಸ್ವಲ್ಪ ಕಾಲ ಮಾತ್ರ ಇದ್ದು ಹೋಗಿದೆ, ಹಾಗಾಗಿ ಅವು ಕ್ಯಾಲೆಂಡರಿನ ಹಾಳೆಗಳಿದ್ದ ಹಾಗೆ. ಅದೇ ಕಾಲದ ಪದರಗಳು ಬೇರೆ ಕಡೆ ಜ್ವಾಲಾಮುಖಿಯ ಬೂದಿಯ ಜೊತೆ ಸಿಗುತ್ತವೆ. ಬೂದಿಯಲ್ಲಿ ಜಿರ್ಕಾನ್ ಎಂಬ ಹರಳು ಇರುತ್ತದೆ. ಜಿರ್ಕಾನ್ ಹುಟ್ಟುವಾಗ ಯುರೇನಿಯಂ ಒಳಗೆ ಬಿಟ್ಟುಕೊಳ್ಳುತ್ತದೆ, ಸೀಸವನ್ನು ಹತ್ತಿರ ಸೇರಿಸುವುದಿಲ್ಲ. ಯುರೇನಿಯಂ ಕಾಲಕ್ರಮದಲ್ಲಿ ಸೀಸವಾಗುತ್ತದೆ, ಅದರ ಅರ್ಧ ಭಾಗ ಬದಲಾಗಲು 447 ಕೋಟಿ ವರ್ಷ ಬೇಕು. ಈಗ ಹರಳಿನಲ್ಲಿ ಎಷ್ಟು ಸೀಸ ಇದೆ ಅಂತ ಅಳೆದರೆ ಹರಳು ಹುಟ್ಟಿ ಎಷ್ಟು ಕಾಲವಾಯಿತು ಅಂತ ತಿಳಿಯುತ್ತದೆ.

ಅಂಕಿ ದೊಡ್ಡದಾಯಿತು ಅನಿಸಿದರೆ ಹೀಗೆ ನೋಡಿ. ಒಂದು ವರ್ಷಕ್ಕೆ ಒಂದು ಮಿಲಿಮೀಟರ್ ಇಡಿ. ಎಂಬತ್ತು ವರ್ಷದ ಬದುಕು ಎಂಟು ಸೆಂಟಿಮೀಟರ್, ನಿಮ್ಮ ಅಂಗೈಯೊಳಗೇ ಮುಗಿಯಿತು. 50.8 ಕೋಟಿ ವರ್ಷ ಅಂದರೆ 508 ಕಿಲೋಮೀಟರ್, ಹೆಚ್ಚುಕಡಿಮೆ ಬೆಂಗಳೂರಿನಿಂದ ಬೆಳಗಾವಿಯವರೆಗಿನ ರಸ್ತೆ. ಲಾಲ್‌ಬಾಗಿನ ಬಂಡೆಗೆ ಸುಮಾರು 300 ಕೋಟಿ ವರ್ಷ, ಬರ್ಜೆಸ್‌ಗಿಂತ ಆರು ಪಟ್ಟು ಹತ್ತಿರ ಹಳೆಯದು. ಆದರೆ ಅದು ನೆಲದಾಳದ ಕಾವಿನಲ್ಲಿ ಬೆಂದು ಆದ ಕಲ್ಲು, ಅದರಲ್ಲಿ ಪಳೆಯುಳಿಕೆ ಹುಡುಕಬೇಡಿ.

ಮೇಡಂ ಅವರಿಗೆ ನಮಸ್ಕಾರ. ನಮ್ಮ ಮನೆಯ ಹಾಸುಗಲ್ಲಿನ ಮೇಲೆ ಗಿಡದ ಟೊಂಗೆ, ಎಲೆಯ ಗುರುತು ಅಚ್ಚೊತ್ತಿದ ಹಾಗೆ ಇದೆ. ಇದೂ ಪಳೆಯುಳಿಕೆಯೇ? ನಮ್ಮ ಕಡೆಯೂ ಬರ್ಜೆಸ್‌ನಂಥ ಕಲ್ಲು ಇದೆಯೇ?
— ಹಿರಿಯ ಓದುಗರು, ಸೇಡಂ

ನಮಸ್ಕಾರ. ನೀವು ಕಳಿಸಿದ ಫೋಟೊ ದೊಡ್ಡದು ಮಾಡಿ ನೋಡಿದೆ. ಅದು ಗಿಡವಲ್ಲ. ಕಲ್ಲಿನ ಎರಡು ಹಾಳೆಗಳ ನಡುವಿನ ಸಂದಿಯಲ್ಲಿ ನೀರು ಇಳಿದಾಗ ಅದರಲ್ಲಿ ಕರಗಿದ ಮ್ಯಾಂಗನೀಸ್, ಕಬ್ಬಿಣ ಹೀಗೆ ಕವಲು ಕವಲಾಗಿ ಕಪ್ಪಗೆ ಕೂರುತ್ತದೆ. ಗುರುತಿಸುವುದು ಸುಲಭ. ಕವಲುಗಳು ಕಲ್ಲಿನ ಬಿರುಕಿನಿಂದ ಅಥವಾ ಅಂಚಿನಿಂದ ಶುರುವಾಗಿ ಒಳಮುಖವಾಗಿ ಹರಡಿವೆ ನೋಡಿ. ಎಲೆಗೆ ಇರಬೇಕಾದ ನರಗಳಿಲ್ಲ. ನಿಮ್ಮ ಕಲ್ಲು ಅದರಿಂದ ಕಡಿಮೆಯದೇನೂ ಆಗಲಿಲ್ಲ, ಅಂಥ ಚಂದದ ಕುಸುರಿ ಇರುವ ಕಲ್ಲನ್ನು ನಾನಾಗಿದ್ದರೆ ಪಡಸಾಲೆಯಲ್ಲೇ ಹಾಕಿಸುತ್ತಿದ್ದೆ.

ನಿಮ್ಮ ಎರಡನೇ ಪ್ರಶ್ನೆ. ಕಲಬುರಗಿ, ಯಾದಗಿರಿ ಸೀಮೆಯಲ್ಲಿ ಭೀಮಾ ನದಿಯ ಹೆಸರಿನ ಒಂದು ಹಳೆಯ ಸಮುದ್ರದ ಕುಳಿ ಇದೆ, ಅದರಲ್ಲಿ ಮರಳುಗಲ್ಲು, ಜೇಡಿಶಿಲೆ, ಸುಣ್ಣದ ಕಲ್ಲು ಪದರ ಪದರವಾಗಿ ಕೂತಿವೆ. ನಾವೆಲ್ಲ ಮನೆಗೆ ಹಾಸುವ ಶಹಾಬಾದ್ ಕಲ್ಲು, ಸೇಡಂ, ವಾಡಿ ಕಡೆಯ ಸಿಮೆಂಟಿನ ಸುಣ್ಣದ ಕಲ್ಲು ಎಲ್ಲ ಅದರದ್ದೇ. ಉತ್ತರಕ್ಕೆ ಹೋದರೆ ಇವು ದಖ್ಖನ್ ಲಾವಾದ ಕಪ್ಪು ಕಲ್ಲಿನ ಕೆಳಗೆ ಮುಚ್ಚಿಹೋಗುತ್ತವೆ. ಓದುವ ದಿನಗಳಲ್ಲಿ ನಾವು ಆ ಕಡೆಯ ಹಳ್ಳಗಳಲ್ಲಿ ಅಲೆದಿದ್ದೇವೆ. ಹಳ್ಳದ ದಂಡೆಯಲ್ಲಿ ನೇರಳೆ, ಹಸಿರು ಬಣ್ಣದ ಜೇಡಿಶಿಲೆ ಹೊರಗೆ ಕಾಣುತ್ತದೆ. ಬಣ್ಣಕ್ಕೆ ಕಾರಣ ಕಬ್ಬಿಣ, ಆಮ್ಲಜನಕ ಚೆನ್ನಾಗಿ ಸಿಕ್ಕಿದ್ದರೆ ಕೆಂಪು ನೇರಳೆ, ಸಿಗದಿದ್ದರೆ ಹಸಿರು. ಸುತ್ತಿಗೆ ಬೇಡವೇ ಬೇಡ, ಚಾಕುವಿನ ತುದಿ ಹಾಕಿ ಮೀಟಿದರೆ ಸಾಕು, ಹಾಳೆ ಬಿಡುತ್ತದೆ. ಬಿಸಿಲಿಗೆ ಕಾದ ಕಲ್ಲಿನ ಮೇಲೆ ಬಾಟಲಿಯ ನೀರು ಹನಿಸಿದರೆ ಹಸಿ ಮಣ್ಣಿನ ವಾಸನೆ ಬರುತ್ತದೆ. ಆ ವಾಸನೆ ಇವತ್ತಿಗೂ ನನ್ನ ಮೂಗಿನಲ್ಲಿದೆ.

ಆದರೆ ಈ ಪದರಗಳು ಬರ್ಜೆಸ್‌ಗಿಂತ ಹಳೆಯವು ಎಂದು ಹೆಚ್ಚಿನವರ ಲೆಕ್ಕ. ಕಾಲು, ಕಣ್ಣು ಇರುವ ಪ್ರಾಣಿಗಳು ಕಾಣಿಸಿಕೊಳ್ಳುವ ಮುಂಚಿನ ಸಮುದ್ರ ಅದು. ಹಾಗಾಗಿ ಮರೆಲ್ಲಾದಂಥದ್ದು ಸಿಗುವುದಿಲ್ಲ. ಅಲ್ಲಿನ ಜೇಡಿಶಿಲೆಯಲ್ಲಿ ವರದಿಯಾಗಿರುವುದು ಚುವಾರಿಯಾ ಎಂಬ ಪುಟ್ಟ ಕಪ್ಪು ಬಿಲ್ಲೆಗಳು, ಕೆಲವೇ ಮಿಲಿಮೀಟರ್ ಅಗಲ. ಅವೂ ಕಾರ್ಬನ್ನಿನ ಪೊರೆಗಳೇ, ಕೆಸರು ಅಪ್ಪಚ್ಚಿ ಮಾಡಿ ಉಳಿಸಿದ ಜೀವಗಳೇ. ದೂಳು ಎಂದು ಒರೆಸಿಬಿಡುವಷ್ಟು ಚಿಕ್ಕವು. ನಿಮ್ಮ ಊರಿನ ಮಕ್ಕಳಿಗೆ ಕೆನಡಾದ ಚಿತ್ರ ತೋರಿಸುವ ಮೊದಲು ಇವುಗಳ ಬಗ್ಗೆ ಹೇಳಿ ಅಂತ ನನ್ನ ವಿನಂತಿ. ಹಳ್ಳದಲ್ಲಿ ಏನಾದರೂ ಕಂಡರೆ ಪಕ್ಕಕ್ಕೆ ಒಂದು ನಾಣ್ಯ ಇಟ್ಟು ಫೋಟೊ ತೆಗೆಯಿರಿ, ಜಾಗ ಬರೆದಿಡಿ, ಕಲ್ಲನ್ನು ಕಿತ್ತು ತರಬೇಡಿ. ಯಾವ ಪದರದಲ್ಲಿ ಇತ್ತು ಅನ್ನುವುದು ತಪ್ಪಿಹೋದರೆ ಕಲ್ಲಿನ ಅರ್ಧ ಮಾತು ಹೋದ ಹಾಗೆ.

ನಾವು ಕ್ಯಾಲ್ಗರಿಯಲ್ಲಿದ್ದೇವೆ. ಬೇಸಿಗೆಗೆ ಅಪ್ಪ ಅಮ್ಮ ಊರಿಂದ ಬರುತ್ತಾರೆ. ಅವರನ್ನು ಕರೆದುಕೊಂಡು ಬರ್ಜೆಸ್ ನೋಡಬಹುದಾ? ಒಂದು ಸಣ್ಣ ಚೂರು ತರಬಹುದಾ?
— ಓದುಗರು, ಕೆನಡಾ

ಚೂರು ತರುವ ಹಾಗಿಲ್ಲ, ಎಷ್ಟೇ ಸಣ್ಣದಾದರೂ. ಅದು ಯೋಹೊ ರಾಷ್ಟ್ರೀಯ ಉದ್ಯಾನದ ಒಳಗಿದೆ, 1980ರಿಂದ ಯುನೆಸ್ಕೊ ವಿಶ್ವ ಪರಂಪರೆಯ ಪಟ್ಟಿಯಲ್ಲಿದೆ, ಕಲ್ಲು ಎತ್ತಿಕೊಂಡು ಬರುವುದು ಕಾನೂನಿನ ಪ್ರಕಾರ ಅಪರಾಧ. ಪಳೆಯುಳಿಕೆ ಇರುವ ಜಾಗಗಳಿಗೆ ನೀವೇ ಹೋಗುವ ಹಾಗೂ ಇಲ್ಲ, ಮಾರ್ಗದರ್ಶಕರ ಜೊತೆ ಮುಂಚಿತವಾಗಿ ಬುಕ್ ಮಾಡಿಕೊಂಡೇ ಹೋಗಬೇಕು.

ವಾಲ್ಕಾಟ್ ಗಣಿಗೆ ಹೋಗಿಬರಲು 20 ಕಿಲೋಮೀಟರಿಗಿಂತ ಜಾಸ್ತಿ ನಡಿಗೆ, 800 ಮೀಟರಿನಷ್ಟು ಏರು, ಬೆಳಿಗ್ಗೆ ಹೊರಟರೆ ಸಂಜೆಯೇ ಆಗುತ್ತದೆ. ಮೌಂಟ್ ಸ್ಟೀಫನ್ ದೂರದಲ್ಲಿ ಕಡಿಮೆ, ಆದರೆ ಮೊಣಕಾಲು ಕೇಳಬೇಕು, ಅಷ್ಟು ಕಡಿದು. ಅಪ್ಪ ಅಮ್ಮನಿಗೆ ನಡೆದು ರೂಢಿ ಇಲ್ಲದಿದ್ದರೆ ಒತ್ತಾಯ ಮಾಡಬೇಡಿ. ಫೀಲ್ಡ್ ಎಂಬ ಪುಟ್ಟ ಊರಿನವರೆಗೆ ಕಾರಿನಲ್ಲಿ ಹೋಗಿ, ಅಲ್ಲಿಂದ ಮೌಂಟ್ ಸ್ಟೀಫನ್ ತೋರಿಸಿ. ರೈಲ್ವೆ ಕೆಲಸಗಾರರು ಕಲ್ಲಿನ ಹುಳ ಕಂಡದ್ದು ಆ ಇಳಿಜಾರಿನಲ್ಲೇ, ರೈಲು ಈಗಲೂ ಅದರ ಬುಡದಲ್ಲೇ ಹೋಗುತ್ತದೆ. ಕಲ್ಲುಗಳನ್ನು ಹತ್ತಿರದಿಂದ ನೋಡಬೇಕಾದರೆ ಇನ್ನೊಂದು ದಿನ ಡ್ರಮ್‌ಹೆಲರ್‌ನ ರಾಯಲ್ ಟಿರೆಲ್ ಮ್ಯೂಸಿಯಂಗೆ ಹೋಗಿ, ನಿಮ್ಮೂರಿನಿಂದ ಒಂದೂವರೆ ಗಂಟೆ ದಾರಿ. ಗಾಜಿನ ಮುಂದೆ ನೆಟ್ಟಗೆ ನಿಂತು ಮುಂದಕ್ಕೆ ಹೋಗಿಬಿಡಬೇಡಿ. ಅಮ್ಮನಿಗೆ ಹೇಳಿ, ತಲೆ ಸ್ವಲ್ಪ ಪಕ್ಕಕ್ಕೆ ವಾಲಿಸಿ ನೋಡಲಿ.